ವರ್ಷಗಟ್ಟಲೆ ಫಿಟ್ಸ್ ಮಾತ್ರೆ: ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವುದು ಹೇಗೆ?

ಫಿಟ್ಸ್‌ಗೆ ಮಾತ್ರೆ ಶುರು ಮಾಡಿದ ಹೊಸದರಲ್ಲಿ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಫಿಟ್ಸ್ ನಿಂತರೆ ಸಾಕು ಅನ್ನುವಂತಿರುತ್ತದೆ. ಅದು ನಿಂತು ಒಂದು ವರ್ಷ ಕಳೆದ ಮೇಲೆ ಪ್ರಶ್ನೆಗಳು ಏಳುತ್ತವೆ. ಹೀಗೇ ನುಂಗುತ್ತಾ ಹೋದರೆ ಲಿವರ್ ಗತಿ ಏನು? ಕಿಡ್ನಿ ಕೆಡುತ್ತಾ? ತಲೆ ಮಂಕಾಗುತ್ತಾ? ಮಕ್ಕಳಾಗೋದಕ್ಕೆ ತೊಂದರೆಯಾ? ಕಾಯಿಲೆ ಕಣ್ಣಿಗೆ ಬೀಳುತ್ತಿಲ್ಲ, ಮಾತ್ರೆಯಾದರೆ ದಿನಕ್ಕೆರಡು ಸಲ ಕಣ್ಣಿಗೆ ಬೀಳುತ್ತದೆ. ಅನುಮಾನ ಅದರ ಮೇಲೇ ಹೋಗುವುದು ಸಹಜ.

ಈ ಭಯ ಬುಡವಿಲ್ಲದ್ದೇನೂ ಅಲ್ಲ. ಕೆಲವು ಮಾತ್ರೆಗಳಿಗೆ ನಿಜವಾಗಿಯೂ ದೀರ್ಘಕಾಲದ ಅಡ್ಡಪರಿಣಾಮಗಳಿವೆ. ಆದರೆ ‘ಫಿಟ್ಸ್ ಮಾತ್ರೆ’ ಅಂತ ಒಂದೇ ಔಷಧಿ ಎಲ್ಲೂ ಇಲ್ಲ. 1912ರಲ್ಲಿ ಬಳಕೆಗೆ ಬಂದ ಫಿನೋಬಾರ್ಬಿಟೋನ್, 1938ರ ಫೆನಿಟಾಯಿನ್‌ನಿಂದ ಹಿಡಿದು ಈಚಿನವುಗಳ ತನಕ 25ಕ್ಕೂ ಹೆಚ್ಚು ಔಷಧಿಗಳಿವೆ. ಒಂದು ವಸಡನ್ನು ಊದಿಸುತ್ತದೆ, ಇನ್ನೊಂದು ವಸಡಿನ ತಂಟೆಗೇ ಹೋಗುವುದಿಲ್ಲ. ಒಂದರಿಂದ ತೂಕ ಏರುತ್ತದೆ, ಇನ್ನೊಂದರಿಂದ ಇಳಿಯುತ್ತದೆ. ಹಾಗಾಗಿ ಯಾರೋ ಪರಿಚಯದವರಿಗೆ ಆದದ್ದು ನಿಮಗೂ ಆಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮ್ಮ ಮಾತ್ರೆ ಯಾವುದು, ಅದರಿಂದ ಏನಾಗಬಹುದು, ಅದನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಅಂತ ನೋಡಿಕೊಳ್ಳುವುದೇ ಮುಖ್ಯ. ಅದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಎಲ್ಲಕ್ಕಿಂತ ಮೊದಲು: ನೀವಾಗಿಯೇ ನಿಲ್ಲಿಸಬೇಡಿ

ಅಡ್ಡಪರಿಣಾಮದ ಭಯ ಹತ್ತಿದಾಗ ಜನ ಮಾಡುವ ಮೊದಲ ಕೆಲಸ ಡೋಸ್ ಬಿಡುವುದು. ಬೆಳಿಗ್ಗೆಯದು ತಗೊಂಡು ರಾತ್ರಿಯದು ಬಿಡುತ್ತಾರೆ. ಇಲ್ಲವೇ ಮಾತ್ರೆಯನ್ನು ಅರ್ಧ ಮಾಡಿಕೊಳ್ಳುತ್ತಾರೆ. ಮನೆಯವರಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ.

ಈ ಲೇಖನದಲ್ಲಿ ಮುಂದೆ ಬರುವ ಬಹುತೇಕ ಅಡ್ಡಪರಿಣಾಮಗಳಿಗಿಂತ ಇದೇ ಹೆಚ್ಚು ಅಪಾಯ. ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು, ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು. 5 ನಿಮಿಷ ದಾಟಿದ ಫಿಟ್ಸ್ ಅಂದರೆ ತುರ್ತು ಚಿಕಿತ್ಸೆ ಬೇಕು ಅಂತಲೇ ಅರ್ಥ. ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಮೂರ್ಛೆರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1000ಕ್ಕೆ ಒಬ್ಬರು ಬೇರೆ ಕಾರಣವೇ ಸಿಗದೆ ಹಠಾತ್ತಾಗಿ, ಹೆಚ್ಚಾಗಿ ನಿದ್ದೆಯಲ್ಲಿ, ತೀರಿಹೋಗುತ್ತಾರೆ. ಮೈಯೆಲ್ಲ ಸೆಟೆದು ಜರ್ಕ್ ಹೊಡೆಯುವ ದೊಡ್ಡ ಫಿಟ್ಸ್ ಹತೋಟಿಯಲ್ಲಿಲ್ಲದವರಿಗೆ ಈ ಅಪಾಯ ಜಾಸ್ತಿ. ಮಾತ್ರೆಯ ಅಪಾಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದೂ ಇರಬೇಕು.

ಗುಟ್ಟಾಗಿ ಡೋಸ್ ಬಿಡುವುದರಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ಮಧ್ಯೆ ಒಂದು ಫಿಟ್ಸ್ ಬಂತು ಅಂದುಕೊಳ್ಳಿ. ನೀವು ಮಾತ್ರೆ ಬಿಟ್ಟದ್ದು ಡಾಕ್ಟರಿಗೆ ಗೊತ್ತಿಲ್ಲ. ಈ ಡೋಸ್ ಸಾಲುತ್ತಿಲ್ಲ ಅಂದುಕೊಂಡು ಅವರು ಹೆಚ್ಚಿಸುತ್ತಾರೆ, ಇಲ್ಲ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಅಡ್ಡಪರಿಣಾಮಕ್ಕೆ ಹೆದರಿ ಬಿಟ್ಟದ್ದಕ್ಕೆ ಕೊನೆಗೆ ಸಿಗುವುದು ಇನ್ನೂ ಜಾಸ್ತಿ ಅಡ್ಡಪರಿಣಾಮ. ಬಿಟ್ಟಿದ್ದರೆ ಬಿಟ್ಟಿದ್ದೇನೆ ಅಂತ ಹೇಳಿಬಿಡಿ. ಇದನ್ನು ಕೇಳಿ ಯಾವ ಡಾಕ್ಟರಿಗೂ ಆಶ್ಚರ್ಯ ಆಗುವುದಿಲ್ಲ.

ಹೆಜ್ಜೆ 1: ಮಾತ್ರೆಯ ನಿಜವಾದ ಹೆಸರು ಬರೆದುಕೊಳ್ಳಿ

ಸ್ಟ್ರಿಪ್ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಒಳಗಿನ ಔಷಧಿಯ ಹೆಸರು. ನಿಮಗೆ ಬೇಕಾದ್ದು ಸಣ್ಣ ಅಕ್ಷರದ್ದು. ಲೆವೆಟಿರಾಸಿಟಾಮ್, ಕಾರ್ಬಮಜೆಪಿನ್, ಸೋಡಿಯಂ ವಾಲ್ಪ್ರೊಯೇಟ್, ಹೀಗೆ. ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ತಿಂಗಳಿಂದ ತಗೊಳ್ಳುತ್ತಿದ್ದೀರಿ ಅಂತ ಬರೆಯಿರಿ. ಹೆಸರಿನ ಹಿಂದೆ ‘ಸಿಆರ್’, ‘ಇಆರ್’ ಅಂತ ಇದ್ದರೆ ಅದನ್ನೂ ಬರೆಯಿರಿ. ಅವು ನಿಧಾನವಾಗಿ ಕರಗುವ ಮಾತ್ರೆಗಳು. ಅವನ್ನು ಜಜ್ಜಿ ಪುಡಿ ಮಾಡಿ ನುಂಗಬಾರದು.

ಬೇರೆ ಯಾವ ಮಾತ್ರೆ ತಗೊಳ್ಳುತ್ತೀರೋ ಅವೂ ಈ ಪಟ್ಟಿಯಲ್ಲಿ ಇರಲಿ. ಬಿಪಿ, ಶುಗರ್, ಥೈರಾಯ್ಡ್, ಗರ್ಭನಿರೋಧಕ, ಗಿಡಮೂಲಿಕೆ ಔಷಧಿ, ವಿಟಮಿನ್ ಎಲ್ಲವೂ. ಒಂದು ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೂ ಆದೀತು.

ಹೆಜ್ಜೆ 2: ತೊಂದರೆ ಶುರುವಾದದ್ದು ಯಾವಾಗ ಅಂತ ನೋಡಿ

ಅಡ್ಡಪರಿಣಾಮಗಳು ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಮಂಪರು, ತಲೆಸುತ್ತು, ವಾಕರಿಕೆ, ನಡಿಗೆಯಲ್ಲಿ ತೂರಾಟ ಬರುತ್ತವೆ. ಮೈ ಒಗ್ಗಿಕೊಂಡಂತೆ ಇವು ಎಷ್ಟೋ ಜನಕ್ಕೆ ತಾವಾಗಿಯೇ ಕಡಿಮೆಯಾಗುತ್ತವೆ. ‘ಇದು ಜೀವನಪೂರ್ತಿ ಹೀಗೇನಾ?’ ಅಂತ ಎರಡನೇ ವಾರದಲ್ಲೇ ತೀರ್ಮಾನಕ್ಕೆ ಬರಬೇಡಿ.

ಆದರೆ ಇದೇ ಅವಧಿಯಲ್ಲಿ ಒಂದು ಲಕ್ಷಣಕ್ಕೆ ಒಂದು ದಿನವೂ ಕಾಯಬಾರದು. ಅದು ಮೈಮೇಲೆ ಏಳುವ ದದ್ದು. ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ತಗೊಳ್ಳುವವರಲ್ಲಿ ಮೊದಲ ಎರಡು ತಿಂಗಳಲ್ಲಿ ಇದು ಬರಬಹುದು. ಬರೀ ಸಣ್ಣ ದದ್ದು ಇರಬಹುದು. ಆದರೆ ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು ಇದ್ದರೆ ಜೀವಕ್ಕೇ ಅಪಾಯ. ಆ ದಿನವೇ ಆಸ್ಪತ್ರೆಗೆ ಹೋಗಿ. ಕಾರ್ಬಮಜೆಪಿನ್‌ನಿಂದ ಇಂಥ ದದ್ದು ಏಳುವ ಸಾಧ್ಯತೆ ಎಚ್‌ಎಲ್‌ಎ-ಬಿ 15:02 ಅನ್ನುವ ಜೀನ್ ಇರುವವರಲ್ಲಿ ಹೆಚ್ಚು. ಇದು ಏಷ್ಯಾ ಮೂಲದ ಜನರಲ್ಲಿ ಕಾಣಿಸುವುದು ಜಾಸ್ತಿ. ಹೊಸದಾಗಿ ಈ ಮಾತ್ರೆ ಶುರು ಮಾಡುತ್ತಿದ್ದರೆ ರಕ್ತದಲ್ಲಿ ಆ ಜೀನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಆಗಲೇ ವರ್ಷಗಟ್ಟಲೆ ತಗೊಂಡು ಏನೂ ಆಗದಿದ್ದವರಿಗೆ ಈ ಚಿಂತೆ ಬೇಡ.

ಕೆಲವು ತಿಂಗಳ ಮೇಲೆ ಕಾಣುವುದು ತೂಕ, ಕೂದಲು, ಮನಸ್ಸು, ಮರೆವಿನ ವಿಷಯ. ಮೂಳೆ, ವಸಡು, ನರಗಳ ತೊಂದರೆ ವರ್ಷಗಳ ಮೇಲೆ ಬರುವಂಥವು. ಇವು ಸದ್ದಿಲ್ಲದೆ ಬರುತ್ತವೆ. ಅದಕ್ಕೇ ಹುಡುಕಿ ನೋಡಬೇಕು.

ಹೆಜ್ಜೆ 3: ನಿಮ್ಮ ಮಾತ್ರೆಯ ಸ್ವಭಾವ ತಿಳಿದುಕೊಳ್ಳಿ

ಇಲ್ಲಿ ಎಲ್ಲವನ್ನೂ ಓದಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದು ಯಾವುದೋ ಅದನ್ನಷ್ಟೇ ಓದಿ.

*ಫೆನಿಟಾಯಿನ್.* ಹಳೆಯದು, ಕೆಲಸ ಮಾಡುತ್ತದೆ, ಆದರೆ ದೀರ್ಘಕಾಲಕ್ಕೆ ಅಷ್ಟು ಸೌಮ್ಯವಲ್ಲ. ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಮುಖದ ಮೇಲೆ ಕೂದಲು ಬರಬಹುದು, ಮುಖದ ಕಳೆಯೇ ಸ್ವಲ್ಪ ಒರಟಾಗಬಹುದು. ಹಲವು ವರ್ಷ ಜಾಸ್ತಿ ಡೋಸ್‌ನಲ್ಲಿ ಇದ್ದವರಿಗೆ ಕಾಲಿನ ನರಗಳು ಮತ್ತು ನಡಿಗೆಯ ಸಮತೋಲನ ನೋಡಿಕೊಳ್ಳುವ ಕಿರುಮೆದುಳಿಗೂ ಪೆಟ್ಟು ಬೀಳಬಹುದು. ಇದಕ್ಕೆ ಇನ್ನೊಂದು ವಿಚಿತ್ರ ಗುಣ ಇದೆ. ಡೋಸ್ ಸ್ವಲ್ಪ ಏರಿಸಿದರೂ ರಕ್ತದಲ್ಲಿನ ಮಟ್ಟ ಒಮ್ಮೆಲೇ ಜಿಗಿಯುತ್ತದೆ. 300 ಮಿಲಿಗ್ರಾಂನಲ್ಲಿ ಆರಾಮಾಗಿದ್ದವರು 400ಕ್ಕೆ ಹೋದಾಗ ತೂರಾಡುತ್ತಾ ನಡೆಯುವುದು, ಮಾತು ತೊದಲುವುದು, ಕಣ್ಣುಗುಡ್ಡೆ ಅಲುಗುವುದು ಇದರಿಂದಲೇ. ವಸಡಿನ ವಿಷಯದಲ್ಲಿ ನಿಮ್ಮ ಕೈಯಲ್ಲೂ ಸ್ವಲ್ಪ ಇದೆ. ಮೆತ್ತನೆ ಬ್ರಷ್‌ನಲ್ಲಿ ದಿನಕ್ಕೆರಡು ಸಲ ಉಜ್ಜುವುದು, ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸುವುದು ಇಷ್ಟು ಮಾಡಿದರೂ ಊತ ಎಷ್ಟೋ ಹಿಡಿತದಲ್ಲಿರುತ್ತದೆ.

*ಫಿನೋಬಾರ್ಬಿಟೋನ್.* ದೊಡ್ಡವರಿಗೆ ಮಂಪರು, ಮಂಕು. ಮಕ್ಕಳಿಗೆ ಕೆಲವೊಮ್ಮೆ ಉಲ್ಟಾ: ಚೇಷ್ಟೆ, ಹಟ, ಒಂದು ಕಡೆ ಕೂರದಿರುವುದು. ಭುಜ ಬಿಗಿಯುವುದು, ಬೆರಳು ಮಡಚಿಕೊಳ್ಳುವುದು ದೀರ್ಘಕಾಲದ ಬಳಕೆಯಲ್ಲಿ ಕಾಣುತ್ತದೆ. ಇದನ್ನು ಬಿಡಿಸಲು ಉಳಿದವಕ್ಕಿಂತ ಹೆಚ್ಚು ಸಮಯ ಬೇಕು.

*ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್.* ರಕ್ತದಲ್ಲಿ ಸೋಡಿಯಂ ಇಳಿಯುವುದು ಇವುಗಳ ಮುಖ್ಯ ಕಾಟ. ಆಕ್ಸ್‌ಕಾರ್ಬಜೆಪಿನ್‌ನಲ್ಲಿ ಜಾಸ್ತಿ. ವಯಸ್ಸಾದವರು, ಬಿಪಿಗೆ ನೀರು ಹೋಗಿಸುವ ಮಾತ್ರೆ ತಗೊಳ್ಳುವವರು ಹುಷಾರಾಗಿರಬೇಕು. ಸುಸ್ತು, ತಲೆನೋವು, ಗೊಂದಲ ಶುರುವಾದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ಸೋಡಿಯಂ ನೋಡಿಸಿ. ಸೋಡಿಯಂ ತುಂಬಾ ಇಳಿದರೆ ಅದರಿಂದಲೇ ಫಿಟ್ಸ್ ಬರಬಹುದು. ಕಾರ್ಬಮಜೆಪಿನ್‌ನಿಂದ ಬಿಳಿ ರಕ್ತಕಣಗಳು ಸ್ವಲ್ಪ ಇಳಿಯುವುದೂ ಇದೆ, ಕೊಲೆಸ್ಟ್ರಾಲ್ ಏರುವುದೂ ಇದೆ.

*ವಾಲ್ಪ್ರೊಯೇಟ್.* ಡೈವಾಲ್‌ಪ್ರೊಯೆಕ್ಸ್ ಅಂತ ಬರೆದಿದ್ದರೂ ಇದೇ ಗುಂಪು. ತೂಕ ಏರುತ್ತದೆ, ಹಸಿವು ಜಾಸ್ತಿಯಾಗುತ್ತದೆ, ಕೈ ನಡುಗುತ್ತದೆ. ಕೂದಲು ಉದುರುತ್ತದೆ. ತಮಾಷೆ ಅಂದರೆ, ಕೆಲವರಿಗೆ ಮತ್ತೆ ಹುಟ್ಟಿದ ಕೂದಲು ಗುಂಗುರಾಗಿ ಬರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗಬಹುದು, ಹಾಗಾಗಿ ಯಾವುದೇ ಆಪರೇಷನ್‌ಗೆ ಮುಂಚೆ ಈ ಮಾತ್ರೆಯ ಹೆಸರು ಹೇಳಲೇಬೇಕು. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯಕ್ಕೆ ಬರುವ ತೊಂದರೆ) ಲಕ್ಷಣಗಳು ಕಾಣಿಸಬಹುದು. ಎಲ್ಲರೂ ಹೆದರುವ ಲಿವರ್ ತೊಂದರೆ ಅಪರೂಪ. ಅದು ಬರುವುದಾದರೆ ಹೆಚ್ಚಾಗಿ ಮೊದಲ 6 ತಿಂಗಳಲ್ಲಿ, ಅದರಲ್ಲೂ 2 ವರ್ಷದೊಳಗಿನ ಮಕ್ಕಳಲ್ಲಿ ಅಪಾಯ ಜಾಸ್ತಿ. ಬಿಡದ ವಾಂತಿ, ವಿಪರೀತ ಸುಸ್ತು, ಕಣ್ಣು ಹಳದಿ, ತೀರಾ ಹೊಟ್ಟೆನೋವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಗರ್ಭಧಾರಣೆಯ ವಿಷಯ ಬೇರೆಯೇ ಹೇಳಬೇಕು, ಮುಂದೆ ಬರುತ್ತದೆ.

*ಲೆವೆಟಿರಾಸಿಟಾಮ್.* ಮೂಳೆ, ವಸಡು, ಲಿವರ್ ವಿಷಯದಲ್ಲಿ ಇದು ಅಷ್ಟಾಗಿ ಕಾಟ ಕೊಡುವುದಿಲ್ಲ. ಇದರ ಕಾಟ ಇರುವುದು ಸಿಟ್ಟಿನಲ್ಲಿ. ಚಿಕ್ಕ ಮಾತಿಗೆ ಸಿಡುಕು, ಅಳು, ಬೇಸರ. ಮಾತ್ರೆ ತಗೊಳ್ಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ‘ಎಲ್ಲರೂ ನನ್ನನ್ನೇ ಕೆಣಕುತ್ತಾರೆ’ ಅಂತ ಅವರಿಗೆ ಅನಿಸುತ್ತಿರುತ್ತದೆ. ಮನೆಯವರನ್ನು ಕೇಳಿ. ‘ಇವರು ಮೊದಲು ಹೀಗಿರಲಿಲ್ಲ’ ಅಂತ ಅವರು ಹೇಳಿದರೆ ಆ ಮಾತನ್ನು ಡಾಕ್ಟರ್ ಹತ್ತಿರ ಅವರೇ ಬಂದು ಹೇಳಲಿ. ಕಿಡ್ನಿ ದುರ್ಬಲ ಇದ್ದವರಿಗೆ ಇದರ ಡೋಸ್ ಕಡಿಮೆ ಮಾಡಬೇಕಾಗುತ್ತದೆ.

*ಟೋಪಿರಮೇಟ್.* ಗೊತ್ತಿರುವ ಪದವೇ ನಾಲಿಗೆಗೆ ಬಾರದೆ ತಡವರಿಸುವುದು, ಬೆರಳುಗಳಲ್ಲಿ ಜುಮ್ಮೆನ್ನುವುದು, ತೂಕ ಇಳಿಯುವುದು, ಕಿಡ್ನಿಯಲ್ಲಿ ಕಲ್ಲು. ನೀರು ಧಾರಾಳವಾಗಿ ಕುಡಿಯಿರಿ. ಬೆವರು ಕಡಿಮೆಯಾಗುವುದರಿಂದ ಮಕ್ಕಳಿಗೆ ಬಿಸಿಲಲ್ಲಿ ಮೈ ಕಾಯಬಹುದು. ಶುರು ಮಾಡಿದ ಹೊಸದರಲ್ಲಿ ಕಣ್ಣುನೋವು, ದೃಷ್ಟಿ ಮಂಜಾಗುವುದು ಕಂಡರೆ ತಕ್ಷಣ ತೋರಿಸಿ.

*ಲ್ಯಾಮೊಟ್ರಿಜಿನ್.* ಮೊದಲಿನ ದದ್ದಿನ ಗಂಡಾಂತರ ದಾಟಿದರೆ ದೀರ್ಘಕಾಲಕ್ಕೆ ಸೌಮ್ಯವಾದದ್ದು. ತೂಕ ಏರಿಸುವುದಿಲ್ಲ, ಮಂಪರು ಕಡಿಮೆ. ಇದರ ಡೋಸ್ ಏರಿಸುವುದು ಬಹಳ ನಿಧಾನ, ಬೇಗ ಏರಿಸಿ ಅಂತ ಒತ್ತಾಯ ಮಾಡಬೇಡಿ. ಕೆಲವು ದಿನ ಬಿಟ್ಟುಹೋಗಿದ್ದರೆ ಮತ್ತೆ ಅದೇ ಡೋಸ್‌ನಿಂದ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ. ಮತ್ತೆ ಕೆಳಗಿನಿಂದಲೇ ಏರಿಸಬೇಕಾಗಬಹುದು.

*ವಿಗಾಬ್ಯಾಟ್ರಿನ್.* ಇದನ್ನು ಕೆಲವೇ ಕೆಲವರಿಗೆ, ಮುಖ್ಯವಾಗಿ ಶಿಶುಗಳಲ್ಲಿ ಬರುವ ಒಂದು ಬಗೆಯ ಫಿಟ್ಸ್‌ಗೆ ಕೊಡುತ್ತಾರೆ. ಕಣ್ಣಿನ ಅಂಚಿನ ದೃಷ್ಟಿ ಹೋಗಬಹುದು, ಹೋದದ್ದು ವಾಪಸ್ ಬರುವುದಿಲ್ಲ. ಕಣ್ಣಿನ ಪರೀಕ್ಷೆ ತಪ್ಪಿಸುವ ಹಾಗೇ ಇಲ್ಲ.

ಇನ್ನು ಮೂಳೆ. ಇದನ್ನು ಬೇರೆಯಾಗಿ ಹೇಳಲು ಕಾರಣ ಇದೆ. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಮೂರೂ ಲಿವರ್‌ನ ಕೆಲಸದ ವೇಗವನ್ನು ಹೆಚ್ಚಿಸುತ್ತವೆ. ಆ ವೇಗದಲ್ಲಿ ವಿಟಮಿನ್ ಡಿ ಕೂಡ ಬೇಗ ಕರಗಿಹೋಗುತ್ತದೆ, ಮೂಳೆಗೆ ಕ್ಯಾಲ್ಸಿಯಂ ಸಾಲುವುದಿಲ್ಲ. ವಾಲ್ಪ್ರೊಯೇಟ್ ಬೇರೆ ದಾರಿಯಲ್ಲಿ ಮೂಳೆಯನ್ನು ಸವೆಸುತ್ತದೆ. ಹತ್ತಾರು ವರ್ಷ ತಗೊಂಡವರಿಗೆ ಒಂದು ದಿನ ಫಿಟ್ಸ್ ಬಂದು ಬಿದ್ದಾಗ ಸೊಂಟದ ಮೂಳೆಯೇ ಮುರಿಯುವುದು ಹೀಗೆ. ಅಲ್ಲಿಯ ತನಕ ನೋವಿಲ್ಲ, ಸೂಚನೆ ಇಲ್ಲ. ಈ ನಾಲ್ಕರಲ್ಲಿ ಒಂದು ನಿಮ್ಮದಾಗಿದ್ದರೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಹಲವು ವರ್ಷ ಆಗಿದ್ದರೆ, ಮುಟ್ಟು ನಿಂತಿದ್ದರೆ, ವಯಸ್ಸಾಗಿದ್ದರೆ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಕೇಳಿ. ಇದು ಕೇಳಿದರೆ ಮಾತ್ರ ನೆನಪಾಗುವ ಪರೀಕ್ಷೆ. ನರರೋಗ ತಜ್ಞರ ಗಮನ ಫಿಟ್ಸ್ ಮೇಲೆ ಇರುತ್ತದೆ, ಮೂಳೆ ಯಾರ ಪಾಲಿಗೂ ಬರುವುದಿಲ್ಲ.

ಹೆಜ್ಜೆ 4: ಬರೆದಿಡಿ, ಗಂಟೆ ಸಮೇತ

‘ತಲೆಸುತ್ತು ಬರುತ್ತೆ ಡಾಕ್ಟ್ರೇ’ ಅಂದರೆ ಅವರಿಗೆ ಮಾಡಲು ಏನೂ ಇಲ್ಲ. ಹೀಗೆ ಬರೆದ ಒಂದು ಹಾಳೆ ಇದ್ದರೆ ಮಾತು ಬೇರೆ:

ಸೋಮವಾರ. ಬೆಳಿಗ್ಗೆ 8ಕ್ಕೆ ಮಾತ್ರೆ. 10 ಗಂಟೆಗೆ ಅಕ್ಷರಗಳು ಎರಡೆರಡು ಕಂಡವು, ತಲೆ ತೇಲಿದ ಹಾಗೆ. 11.30ಕ್ಕೆ ಸರಿಹೋಯಿತು.
ಮಂಗಳವಾರ. 8ಕ್ಕೆ ಮಾತ್ರೆ. 10ಕ್ಕೆ ಮತ್ತೆ ಹಾಗೇ.
ಬುಧವಾರ. ತಡವಾಗಿ 9.30ಕ್ಕೆ ಮಾತ್ರೆ. 11.30ಕ್ಕೆ ಅಕ್ಷರ ಎರಡಾದವು.

ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಕಾಣುವುದು ಇಷ್ಟು: ಮಾತ್ರೆ ನುಂಗಿದ ಎರಡು ಗಂಟೆಗೆ ರಕ್ತದಲ್ಲಿ ಮಟ್ಟ ತುದಿ ಮುಟ್ಟುತ್ತಿದೆ, ತೊಂದರೆ ಆಗ ಮಾತ್ರ. ಕಾರ್ಬಮಜೆಪಿನ್‌ನಲ್ಲಿ ಇದು ಮಾಮೂಲು. ಔಷಧಿ ಬದಲಿಸುವುದೇ ಬೇಡ. ನಿಧಾನವಾಗಿ ಕರಗುವ ಮಾತ್ರೆಗೆ ಹೋದರೆ, ಇಲ್ಲವೇ ಅದೇ ಡೋಸ್ ಅನ್ನು ಮೂರು ಭಾಗ ಮಾಡಿದರೆ ಎಷ್ಟೋ ಸಲ ಮುಗಿಯಿತು. ಮೂರು ಸಾಲು ಬರೆದದ್ದರಿಂದ ಒಂದು ಹೊಸ ಮಾತ್ರೆ ತಪ್ಪಿತು.

ತಿಂಗಳಿಗೊಮ್ಮೆ ತೂಕ ಬರೆಯಿರಿ. ಬಿಟ್ಟುಹೋದ ಡೋಸ್, ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನ, ಬಂದ ಫಿಟ್ಸ್ ಎಲ್ಲವೂ ಅದೇ ಪುಸ್ತಕದಲ್ಲಿ ಇರಲಿ. ಚೆಂದವಾಗಿ ಬರೆಯಬೇಕಂತೇನೂ ಇಲ್ಲ.

ಹೆಜ್ಜೆ 5: ಮರೆವು, ಮಂಕು, ಬೇಸರ

ಅತಿ ಹೆಚ್ಚು ಜನ ಹೇಳಿಕೊಳ್ಳುವ ದೂರು ಇದೇ. ಅತಿ ಕಡಿಮೆ ಉತ್ತರ ಸಿಗುವುದೂ ಇದಕ್ಕೇ. ಕಾರಣ, ಮರೆವಿಗೆ ಮಾತ್ರೆಯೊಂದೇ ಹೊಣೆ ಆಗಿರುವುದಿಲ್ಲ. ಮೆದುಳಿನ ಕಪಾಲಭಾಗದಲ್ಲಿ, ಅಂದರೆ ಕಿವಿಯ ಮೇಲಿನ ಭಾಗದಲ್ಲಿ ಹುಟ್ಟುವ ಫಿಟ್ಸ್ ನೆನಪಿನ ಜಾಗವನ್ನೇ ತಟ್ಟುತ್ತದೆ. ರಾತ್ರಿ ನಿದ್ದೆಯಲ್ಲಿ ಗೊತ್ತಾಗದೇ ಬಂದುಹೋಗುವ ಸಣ್ಣ ಫಿಟ್ಸ್‌ನಿಂದಲೂ ಮರುದಿನ ಮಂಕು ಕವಿಯುತ್ತದೆ. ನಿದ್ದೆ ಸಾಲದಿದ್ದರೂ, ಖಿನ್ನತೆ ಇದ್ದರೂ ಮರೆವು ಬರುತ್ತದೆ. ಇವೆಲ್ಲದರ ಜೊತೆ ಮಾತ್ರೆಯೂ ಒಂದು.

ಬೇರ್ಪಡಿಸಿ ನೋಡುವುದಕ್ಕೆ ಒಂದು ಸುಲಭದ ದಾರಿ ಇದೆ. ಮರೆವು ಡೋಸ್ ಏರಿಸಿದ ಮೇಲೆ ಶುರುವಾಯಿತಾ, ಮೊದಲೇ ಇತ್ತಾ? ಡೋಸ್ ಏರಿದ ತಿಂಗಳಿನಲ್ಲೇ ಶುರುವಾಗಿದ್ದರೆ, ಟೋಪಿರಮೇಟ್, ಫಿನೋಬಾರ್ಬಿಟೋನ್, ಕ್ಲೋಬಜಾಮ್‌ನಂಥದ್ದು ಪಟ್ಟಿಯಲ್ಲಿದ್ದರೆ ಮಾತ್ರೆಯ ಮೇಲೆ ಅನುಮಾನ ಪಡಬಹುದು. ಎರಡು ಮೂರು ಬಗೆ ಮಾತ್ರೆ ಒಟ್ಟಿಗೆ ತಗೊಳ್ಳುತ್ತಿದ್ದರೂ ಅಷ್ಟೇ. ಸಂಖ್ಯೆ ಏರಿದಂತೆ ಮಂಕು ಏರುತ್ತದೆ. ‘ಇದರಲ್ಲಿ ಒಂದನ್ನಾದರೂ ಇಳಿಸಬಹುದಾ?’ ಅನ್ನುವುದು ನ್ಯಾಯವಾದ ಪ್ರಶ್ನೆ.

ಮನಸ್ಸಿನ ವಿಷಯದಲ್ಲಿ ನಾಚಿಕೆ ಬೇಡ. 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಮಾತ್ರೆಗಳಿಂದ ಸಾಯುವ ಯೋಚನೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ ಅಂತ ಎಚ್ಚರಿಸಿತು. ಎಲ್ಲರಿಗೂ ಆಗುವುದಿಲ್ಲ, ಬಹಳ ಕಡಿಮೆ ಜನಕ್ಕೆ ಆಗುತ್ತದೆ. ಆದರೆ ಬದುಕು ಸಾಕು ಅನ್ನುವ ಯೋಚನೆ ಬಂದರೆ ಅದು ನಿಮ್ಮ ಗುಣ ಕೆಟ್ಟದ್ದು ಅಂತಲ್ಲ. ಹತ್ತಿರದವರಿಗೆ ಅಂದೇ ಹೇಳಿ, ಅಂದೇ ಡಾಕ್ಟರನ್ನು ಸಂಪರ್ಕಿಸಿ.

ಹೆಜ್ಜೆ 6: ಬೇಕಾದ ಪರೀಕ್ಷೆ ಮಾತ್ರ

ಭಯಕ್ಕೆ ಬಿದ್ದು ತಿಂಗಳಿಗೊಮ್ಮೆ ಇಡೀ ಮೈ ಚೆಕಪ್ ಮಾಡಿಸುವವರಿದ್ದಾರೆ. ಅದರಿಂದ ಗಾಬರಿ ಜಾಸ್ತಿ ಆಗುತ್ತದೆ ಅಷ್ಟೇ. ಉದಾಹರಣೆಗೆ, ಲಿವರ್ ರಿಪೋರ್ಟಿನಲ್ಲಿ ಜಿಜಿಟಿ ಅನ್ನುವ ಅಂಕಿ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ತಗೊಳ್ಳುವವರಲ್ಲಿ ಸಾಮಾನ್ಯವಾಗಿ ಏರಿಯೇ ಇರುತ್ತದೆ. ಲಿವರ್ ಹೆಚ್ಚು ಕೆಲಸ ಮಾಡುತ್ತಿದೆ ಅಂತ ಅದರ ಅರ್ಥ, ಕೆಡುತ್ತಿದೆ ಅಂತಲ್ಲ. ದಪ್ಪ ಅಕ್ಷರದಲ್ಲಿ ಅಚ್ಚಾದ ಕೂಡಲೇ ಹೆದರಬೇಡಿ.

ಮಾತ್ರೆ ಶುರು ಮಾಡುವಾಗ ಒಮ್ಮೆ ರಕ್ತಕಣ, ಲಿವರ್, ಕಿಡ್ನಿ, ಸೋಡಿಯಂ ನೋಡಿಸಿಟ್ಟರೆ ಮುಂದೆ ಹೋಲಿಸಲು ಆಗುತ್ತದೆ. ಆಮೇಲೆ ನಿಮ್ಮ ಮಾತ್ರೆಗೆ ತಕ್ಕ ಹಾಗೆ. ಔಷಧಿಯ ಮಟ್ಟ ನೋಡುವ ರಕ್ತಪರೀಕ್ಷೆ ಫೆನಿಟಾಯಿನ್‌ಗೆ ತುಂಬಾ ಉಪಯೋಗ, ಲೆವೆಟಿರಾಸಿಟಾಮ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ಪರೀಕ್ಷೆಗೆ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ನುಂಗಿ ಹೋದರೆ ಅಂಕಿ ಜಾಸ್ತಿ ಬಂದು ದಾರಿ ತಪ್ಪಿಸುತ್ತದೆ.

ಹೆಜ್ಜೆ 7: ಬೇರೆ ಔಷಧಿ ಸೇರಿಕೊಂಡಾಗ

ವರ್ಷಗಟ್ಟಲೆ ಸರಿ ಇದ್ದವರಿಗೆ ಇದ್ದಕ್ಕಿದ್ದಂತೆ ತೊಂದರೆ ಶುರುವಾದರೆ ಮೊದಲು ಕೇಳಬೇಕಾದ್ದು: ಈಚೆಗೆ ಹೊಸ ಮಾತ್ರೆ ಏನಾದರೂ ತಗೊಂಡಿರಾ? ಕಾರ್ಬಮಜೆಪಿನ್ ಜೊತೆ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್‌ಗಳು ಸೇರಿದರೆ ಅದರ ಮಟ್ಟ ಏರಿ ತಲೆಸುತ್ತು, ವಾಂತಿ ಬರುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಮೆರೊಪೆನೆಮ್ ಅನ್ನುವ ಆಂಟಿಬಯಾಟಿಕ್ ವಾಲ್ಪ್ರೊಯೇಟ್ ಮಟ್ಟವನ್ನು ಸರ್ರನೆ ಇಳಿಸಿ ಫಿಟ್ಸ್ ಬರಿಸಬಹುದು. ವಾಲ್ಪ್ರೊಯೇಟ್ ಮತ್ತು ಲ್ಯಾಮೊಟ್ರಿಜಿನ್ ಜೊತೆಯಾದರೆ ಲ್ಯಾಮೊಟ್ರಿಜಿನ್ ಮಟ್ಟ ಸುಮಾರು ದುಪ್ಪಟ್ಟಾಗುತ್ತದೆ. ನೋವಿಗೆ ಕೊಡುವ ಟ್ರಮಡಾಲ್ ಫಿಟ್ಸ್ ಇರುವವರಿಗೆ ಒಳ್ಳೆಯದಲ್ಲ. ಯಾವ ಕಾಯಿಲೆಗೆ ಯಾವ ಡಾಕ್ಟರ್ ಹತ್ತಿರ ಹೋದರೂ ಫಿಟ್ಸ್ ಮಾತ್ರೆಯ ಹೆಸರನ್ನು ಮೊದಲೇ ಹೇಳಿ.

ಅಂಗಡಿಯಲ್ಲಿ ‘ಅದೇ ಔಷಧಿ, ಬೇರೆ ಕಂಪನಿದು’ ಅಂತ ಕೊಟ್ಟರೆ? ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್‌ನಲ್ಲಿ ಒಂದೇ ಕಂಪನಿಯದ್ದನ್ನು ಮುಂದುವರಿಸುವುದು ಒಳ್ಳೆಯದು. ಲೆವೆಟಿರಾಸಿಟಾಮ್‌ನಲ್ಲಿ ಅಷ್ಟು ವ್ಯತ್ಯಾಸ ಆಗುವುದಿಲ್ಲ.

ಹೆಜ್ಜೆ 8: ಮಗು ಬೇಕು, ಅಥವಾ ಸದ್ಯಕ್ಕೆ ಬೇಡ ಅನ್ನುವವರಿಗೆ

ವಾಲ್ಪ್ರೊಯೇಟ್ ಬಗ್ಗೆ ಮುಚ್ಚುಮರೆ ಬೇಡ. ಬಸಿರಿನಲ್ಲಿ ಅದನ್ನು ತಗೊಂಡರೆ 10ರಲ್ಲಿ ಸುಮಾರು ಒಂದು ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಇರುತ್ತದೆ. 100ರಲ್ಲಿ 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ನಡವಳಿಕೆಯಲ್ಲಿ ಹಿಂದುಳಿಯುವ ತೊಂದರೆ ಬರಬಹುದು. ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಮಾತ್ರ ಹೆಣ್ಣುಮಕ್ಕಳಿಗೆ ಇದನ್ನು ಕೊಡಬೇಕು ಅನ್ನುವುದು ಇದಕ್ಕೇ. ಟೋಪಿರಮೇಟ್‌ನಲ್ಲಿ ಸೀಳುತುಟಿಯ ಅಪಾಯ ಇದೆ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಾಮ್ ಇವುಗಳಲ್ಲಿ ಅಂಗದೋಷದ ಪ್ರಮಾಣ ಮಾತ್ರೆಯನ್ನೇ ತಗೊಳ್ಳದವರ ಮಟ್ಟಕ್ಕೆ ಹತ್ತಿರ.

ಹಾಗಾಗಿ ಮಾತ್ರೆ ಬದಲಿಸುವ ಮಾತು ಬಸಿರಾಗುವ ಮುಂಚೆಯೇ, ಸಾಕಷ್ಟು ತಿಂಗಳ ಮೊದಲೇ ಆಗಬೇಕು. ಫೋಲಿಕ್ ಆಸಿಡ್ ಕೂಡ ಆಗಲೇ ಶುರು. ಗೊತ್ತಿಲ್ಲದೆ ಬಸಿರಾಗಿದ್ದರೆ ಗಾಬರಿಯಲ್ಲಿ ಮಾತ್ರೆ ನಿಲ್ಲಿಸಬೇಡಿ. ದೊಡ್ಡ ಫಿಟ್ಸ್‌ನಿಂದ ತಾಯಿ ಮಗು ಇಬ್ಬರಿಗೂ ಅಪಾಯ. ಅವತ್ತೇ ಫೋನ್ ಮಾಡಿ ಕೇಳಿ. ಬಸಿರಿನಲ್ಲಿ ಲ್ಯಾಮೊಟ್ರಿಜಿನ್ ಮಟ್ಟ ಇಳಿಯುತ್ತಾ ಹೋಗುವುದರಿಂದ ಡೋಸ್ ಏರಿಸಬೇಕಾಗಬಹುದು. ಎದೆಹಾಲು ಕೊಡಲು ಬಹುತೇಕ ಮಾತ್ರೆಗಳಿಂದ ಅಡ್ಡಿಯಿಲ್ಲ.

ಮಗು ಬೇಡ ಅನ್ನುವವರಿಗೂ ಒಂದು ಮಾತು. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಜೊತೆ ಗರ್ಭನಿರೋಧಕ ಮಾತ್ರೆಯನ್ನು ನಂಬಿಕೊಳ್ಳಲಾಗದು. ಇನ್ನು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕಾಪರ್-ಟಿ ಇಟ್ಟರೆ ಎರಡೂ ತಾಪತ್ರಯ ಇಲ್ಲ.

ಗಂಡಸರು ಇದು ನಮಗಲ್ಲ ಅಂದುಕೊಳ್ಳಬೇಡಿ. ಗರ್ಭಧಾರಣೆಗೆ ಮುಂಚಿನ 3 ತಿಂಗಳಲ್ಲಿ ತಂದೆ ವಾಲ್ಪ್ರೊಯೇಟ್ ತಗೊಂಡಿದ್ದರೆ ಮಗುವಿನ ಬೆಳವಣಿಗೆಗೆ ತೊಂದರೆ ಆಗುವ ಸಾಧ್ಯತೆ ಇರಬಹುದು ಅಂತ 2024ರಲ್ಲಿ ಯುರೋಪಿನ ಔಷಧಿ ಸಂಸ್ಥೆ ಮುನ್ನೆಚ್ಚರಿಕೆ ಕೊಟ್ಟಿದೆ.

ಹೆಜ್ಜೆ 9: ಡಾಕ್ಟರ್ ಎದುರು ಏನು ಕೇಳಬೇಕು

ಸಿಗುವುದು ಕೆಲವೇ ನಿಮಿಷ. ಒಂದು ಚೀಟಿಯಲ್ಲಿ ಮೂರೇ ಪ್ರಶ್ನೆ ಬರೆದುಕೊಂಡು ಹೋಗಿ. ನನ್ನ ಪ್ರಕಾರ ಈ ಮೂರು ಸಾಕು:

‘ಡಾಕ್ಟ್ರೇ, ಈ ಮಾತ್ರೆ ಇನ್ನೂ ಹತ್ತು ವರ್ಷ ತಗೊಂಡ್ರೆ ನನ್ನ ವಯಸ್ಸಿಗೆ ಯಾವುದರ ಮೇಲೆ ಕಣ್ಣಿಡಬೇಕು?’
‘ಅದಕ್ಕೆ ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ?’
‘ಈ ತೊಂದರೆ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ. ಡೋಸ್ ಇಳಿಸೋದು, ಹೊತ್ತು ಬದಲಿಸೋದು, ಮಾತ್ರೆನೇ ಬದಲಿಸೋದು, ಇದರಲ್ಲಿ ಯಾವುದು ಸಾಧ್ಯ?’

‘ಎಲ್ಲಾ ಮಾತ್ರೆಗೂ ಸೈಡ್ ಎಫೆಕ್ಟ್ ಇದ್ದೇ ಇರುತ್ತೆ, ತಗೊಳ್ಳಿ’ ಅನ್ನುವ ಉತ್ತರ ಬರಬಹುದು. ನಿಮ್ಮ ಡೈರಿಯ ಹಾಳೆ ಆಗ ಮುಂದಿಡಿ. ಫಿಟ್ಸ್ ನಿಂತರೆ ಸಾಲದು, ಮಾತ್ರೆ ತಗೊಂಡು ದಿನ ಕಳೆಯಲೂ ಆಗಬೇಕು ಅಲ್ವಾ? ಎರಡು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮೂರ್ಛೆರೋಗವನ್ನೇ ಹೆಚ್ಚಾಗಿ ನೋಡುವ ಇನ್ನೊಬ್ಬ ನರರೋಗ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಮಾತ್ರೆ ಬದಲಿಸುವಾಗ ಸಾಮಾನ್ಯವಾಗಿ ಹೊಸದನ್ನು ಏರಿಸುತ್ತಾ ಹಳೆಯದನ್ನು ಇಳಿಸುತ್ತಾರೆ. ಆ ವಾರಗಳಲ್ಲಿ ಎರಡರ ಕಾಟವೂ ಒಟ್ಟಿಗೆ ಇರುತ್ತದೆ. ಅದನ್ನು ನೋಡಿ ಹೊಸದೂ ಆಗಿಬರಲಿಲ್ಲ ಅಂತ ಬಿಡಬೇಡಿ.

ಹೆಜ್ಜೆ 10: ಮಾತ್ರೆ ನಿಲ್ಲಿಸುವ ಮಾತು ಯಾವಾಗ

ಎಲ್ಲರಿಗೂ ಜೀವನಪೂರ್ತಿ ಮಾತ್ರೆ ಬೇಕಿಲ್ಲ. ಕನಿಷ್ಠ 2 ವರ್ಷ ಒಂದೂ ಫಿಟ್ಸ್ ಬಂದಿಲ್ಲವಾದರೆ ನಿಲ್ಲಿಸುವ ಬಗ್ಗೆ ಮಾತಾಡಬಹುದು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೀಗಿದೆ. 2 ವರ್ಷ ಫಿಟ್ಸ್ ಇಲ್ಲದವರಲ್ಲಿ ಅರ್ಧ ಜನರಿಗೆ ಮಾತ್ರೆ ನಿಧಾನವಾಗಿ ನಿಲ್ಲಿಸಿದರು, ಅರ್ಧ ಜನ ಮುಂದುವರಿಸಿದರು. ಮತ್ತೆ 2 ವರ್ಷ ಕಳೆದಾಗ ಮುಂದುವರಿಸಿದವರಲ್ಲಿ 78%, ನಿಲ್ಲಿಸಿದವರಲ್ಲಿ 59% ಜನ ಫಿಟ್ಸ್ ಇಲ್ಲದೆ ಇದ್ದರು. ನಿಲ್ಲಿಸಿದರೆ ಅಪಾಯ ಇದೆ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಪಾರಾಗಿದ್ದಾರೆ. ಮುಂದುವರಿಸಿದವರಲ್ಲೂ ಕೆಲವರಿಗೆ ಬಂದೇ ಬಂದಿದೆ.

ನೀವು ಯಾವ ಕಡೆ ಬೀಳುತ್ತೀರಿ ಅನ್ನುವುದಕ್ಕೆ ಕೆಲವು ಸೂಚನೆಗಳಿವೆ. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಇನ್ನೂ ಸರಿಯಿಲ್ಲ, ಸ್ಕ್ಯಾನ್‌ನಲ್ಲಿ ಮೆದುಳಿನ ಗಾಯ ಕಾಣುತ್ತದೆ, ಹತೋಟಿಗೆ ಬರಲು ಎರಡು ಮೂರು ಮಾತ್ರೆ ಬೇಕಾಯಿತು ಅಂದರೆ ಮರಳಿ ಬರುವ ಸಾಧ್ಯತೆ ಜಾಸ್ತಿ. ಹರೆಯದಲ್ಲಿ ಶುರುವಾಗಿ ಬೆಳಿಗ್ಗೆ ಎದ್ದ ಕೂಡಲೇ ಕೈ ಜರ್ಕ್ ಹೊಡೆಯುವ ಬಗೆಯ ಮೂರ್ಛೆರೋಗದಲ್ಲಿ ಮಾತ್ರೆ ಸಾಮಾನ್ಯವಾಗಿ ಬಹಳ ವರ್ಷ ಬೇಕು. ಮಕ್ಕಳಲ್ಲಿ ಬರುವ ಕೆಲವು ಬಗೆಗಳು ವಯಸ್ಸಿನ ಜೊತೆ ತಾವಾಗಿಯೇ ಹೋಗುತ್ತವೆ.

ನಿಲ್ಲಿಸುವುದು ಅಂದರೆ ವಾರ, ತಿಂಗಳುಗಟ್ಟಲೆ ಇಳಿಸುತ್ತಾ ಹೋಗುವುದು. ಎರಡು ಮಾತ್ರೆ ಇದ್ದರೆ ಒಂದು ಪೂರ್ತಿ ಇಳಿದ ಮೇಲೆ ಇನ್ನೊಂದು. ಪರೀಕ್ಷೆ, ಪ್ರಯಾಣ, ರಾತ್ರಿ ಪಾಳಿ ಇರುವ ತಿಂಗಳಲ್ಲಿ ಶುರು ಮಾಡಬೇಡಿ. ಇಳಿಸುವಾಗಲೂ, ನಿಂತ ಮೇಲೆ ಕೆಲವು ತಿಂಗಳೂ ವಾಹನ ಓಡಿಸಬೇಡಿ, ಒಬ್ಬರೇ ಈಜಬೇಡಿ, ಎತ್ತರಕ್ಕೆ ಹತ್ತಬೇಡಿ. ಸ್ನಾನಕ್ಕೆ ಹೋದಾಗ ಒಳಗಿನಿಂದ ಚಿಲಕ ಹಾಕಬೇಡಿ. ಮಧ್ಯೆ ಫಿಟ್ಸ್ ಬಂದರೆ ಎಷ್ಟು ಡೋಸ್‌ಗೆ ವಾಪಸ್ ಹೋಗಬೇಕು ಅಂತ ಇಳಿಸುವ ಮುಂಚೆಯೇ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡು ಮನೆಯವರ ಕೈಗೂ ಒಂದು ಕೊಡಿ. ಹಾಗೆ ಮರಳಿ ಬಂದರೂ ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಹೆಚ್ಚಿನವರಲ್ಲಿ ಫಿಟ್ಸ್ ಹತೋಟಿಗೆ ಬರುತ್ತದೆ.